ಹಾಬಿ ಎಂಬ ಕೀಲುಕುದುರೆ

‘ವಾಟ್ ಈಸ್ ಯುವರ್ ಹಾಬಿ?’ ಇಂಗ್ಲಿಷ್ ತರಗತಿಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಬಾಯಿಪಾಠದ ಉತ್ತರವೂ ಸಿದ್ಧ: ರೀಡಿಂಗ್ ಬುಕ್ಸ್, ಕಲೆಕ್ಟಿಂಗ್ ಸ್ಟಾಂಪ್ಸ್. ವಿಜಯಪುರ ಜಿಲ್ಲೆಯ ನಿಡೋಣಿಯಂಥ ಊರಿನ ಹುಡುಗ ಅಂಚೆಚೀಟಿ ಸಂಗ್ರಹವನ್ನು ಕಣ್ಣಾರೆ ಕಂಡಿರಲಿಕ್ಕಿಲ್ಲ. ಭಜನೆಯಲ್ಲಿ ತಾಳ ಹಾಕುವುದು, ಗರಡಿಮನೆಯಲ್ಲಿ ಸಾಮು ಮಾಡುವುದು, ಮೊಹರಮ್ಮಿನಲ್ಲಿ ಹೆಜ್ಜೆ ಹಾಕುವುದು ಅವನಿಗೆ ಗೊತ್ತು. ಆದರೆ ಅದನ್ನು ಹಾಬಿ ಎಂದು ಬರೆಯಬಹುದೆಂದು ತೋಚುವುದಿಲ್ಲ. ಮುಂದೆ ನೌಕರಿಯ ಅರ್ಜಿಯಲ್ಲೂ ಅದೇ ಅಂಚೆಚೀಟಿ! ಸಂದರ್ಶನದಲ್ಲಿ ಅದರ ಬಗ್ಗೆ ಎರಡನೆಯ ಪ್ರಶ್ನೆ ಬಂದರೆ ಮುಗಿಯಿತು.

ಹಾಬಿ ಎಂದರೆ ಮೂಲದಲ್ಲಿ ಒಂದು ಕುದುರೆ. ಸಣ್ಣ ಜಾತಿಯ ಕುದುರೆಗೆ ಇಂಗ್ಲೆಂಡಿನಲ್ಲಿ ಹಾಗೆನ್ನುತ್ತಿದ್ದರು. ಜಾನಪದ ಕುಣಿತದಲ್ಲಿ ಮನುಷ್ಯ ಸೊಂಟಕ್ಕೆ ಕಟ್ಟಿಕೊಳ್ಳುವ ಹುಸಿ ಕುದುರೆ ‘ಹಾಬಿ ಹಾರ್ಸ್’ ಆಯಿತು. ಅದು ನಮ್ಮ ಕೀಲುಕುದುರೆಯ ಅಣ್ಣತಮ್ಮನೇ ಸರಿ. ಮಕ್ಕಳ ಕೋಲುಕುದುರೆಗೂ ಅದೇ ಹೆಸರು. ಎಷ್ಟು ಓಡಿಸಿದರೂ ಎಲ್ಲಿಗೂ ಮುಟ್ಟಿಸದ ಸವಾರಿ ಅದು. 1759ರಿಂದ ಪ್ರಕಟವಾಗತೊಡಗಿದ ಲಾರೆನ್ಸ್ ಸ್ಟರ್ನ್‌ನ ‘ಟ್ರಿಸ್ಟ್ರಮ್ ಶಾಂಡಿ’ ಕಾದಂಬರಿ, ಮನುಷ್ಯರು ತಲೆಗೆ ಹಚ್ಚಿಕೊಳ್ಳುವ ಗೀಳಿಗೆ ಈ ಹೆಸರನ್ನು ಪ್ರಸಿದ್ಧಗೊಳಿಸಿತು. ಬಳಿಕ ಕುದುರೆ ಬಿದ್ದುಹೋಗಿ ಹಾಬಿ ಮಾತ್ರ ಉಳಿಯಿತು. ‘ಲೀಷರ್’ನ ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದಕ್ಕೆ ‘ಅನುಮತಿ ಇರುವುದು’ ಎಂದರ್ಥ. ಕೆಲಸದಿಂದ ಅಪ್ಪಣೆ ಪಡೆದ ವೇಳೆ ಎನ್ನೋಣ.

ಇತ್ತ ವಿಜಯಪುರದ ಕಡೆ ಬಿಡುವಿನ ಮಾತುಗಳಿಗೆ ಬಡತನವೇನೂ ಇಲ್ಲ. ಪುರುಸೊತ್ತು ಪಾರಸಿಯ ‘ಫುರ್ಸತ್’ನಿಂದ ಬಂತು. ಸವುಡು, ರಿಕಾಮಿ ಎರಡೂ ಮರಾಠಿಯ ನಂಟು. ಆದಿಲ್‌ಶಾಹಿಗಳ ದಖನಿ, ನೆರೆಯ ಮಹಾರಾಷ್ಟ್ರ, 1956ರವರೆಗಿನ ಮುಂಬಯಿ ಆಡಳಿತ ಎಲ್ಲವೂ ಇಲ್ಲಿನ ನಾಲಗೆಯ ಮೇಲೆ ಗುರುತು ಬಿಟ್ಟಿವೆ. ಸವುಡು ಇದ್ದರೆ ಒಳ್ಳೆಯದು. ‘ರಿಕಾಮಿ ಅದಾನ’ ಎಂದರೆ ಬೈಗುಳಕ್ಕೆ ಹತ್ತಿರ. ಶೋಕಿಯಲ್ಲಿ ಖರ್ಚಿನ ವಾಸನೆಯಿದೆ, ಚಟದಲ್ಲಿ ಹಾನಿಯ ಭಯವಿದೆ. ಇನ್ನು ‘ನಾದ ಹತ್ತೇತಿ’ ಎಂದರೆ ಮನುಷ್ಯ ಮನೆಮಾರು ಮರೆತನೆಂದೇ ಲೆಕ್ಕ. ಹಾಬಿಗೆ ಪುಸ್ತಕದ ಕನ್ನಡದಲ್ಲಿ ಹವ್ಯಾಸ ಎಂದಿದ್ದೇವೆ. ಇದೇ ಪದ ಮರಾಠಿಯಲ್ಲಿ ಅತಿಯಾಸೆಯನ್ನು ಸೂಚಿಸುತ್ತದೆ!

ಫ.ಗು. ಹಳಕಟ್ಟಿಯವರು (1880–1964) ವಿಜಯಪುರದಲ್ಲಿ ವಕೀಲರು. ವಚನಗಳ ತಾಳೆಗರಿ ಹುಡುಕುವುದು ಅವರ ಕಸುಬಲ್ಲ. ಆದರೂ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಡಿಸಿದರು. ಇದನ್ನು ಹಾಬಿ ಎನ್ನಲು ಬಾಯಿ ಬರುವುದೇ? ‘ನಾದ’ ಎಂದರೆ ಒಪ್ಪುತ್ತದೆ. ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಜನರ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದ್ದೂ ಇಂಥದೇ ನಾದದಿಂದ.

ಹಾಗೆಂದು ಇಂಗ್ಲಿಷ್ ಬೇಡವೆನ್ನಲಾಗದು. 2007ರಿಂದ ಸರ್ಕಾರಿ ಶಾಲೆಗಳಲ್ಲೂ ಅದು ಒಂದನೆಯ ತರಗತಿಗೇ ಬಂದಿದೆ. ಮಕ್ಕಳು ಎಡವುವುದು ಹೆಚ್ಚಾಗಿ ಕ್ರಿಯಾಪದಗಳಲ್ಲಿ. ಕನ್ನಡದಲ್ಲಿ ಹೂವನ್ನೂ ನೋಡುತ್ತೇವೆ, ಟಿವಿಯನ್ನೂ ನೋಡುತ್ತೇವೆ. ಆದ್ದರಿಂದ ‘ಐ ಸೀ ಟಿವಿ’ ಎಂದು ಬರುತ್ತದೆ. ಇಂಗ್ಲಿಷಿಗೆ ಅಲ್ಲಿ ‘ವಾಚ್’ ಬೇಕು. ಇನ್ನೊಂದು ಕಡೆ ನಾವೇ ಸಿರಿವಂತರು. ಕಬಡ್ಡಿ ಆಡುತ್ತೇವೆ, ಕೊಳಲು ಊದುತ್ತೇವೆ, ಹಲಗಿ ಬಾರಿಸುತ್ತೇವೆ, ವೀಣೆ ನುಡಿಸುತ್ತೇವೆ. ಇಂಗ್ಲಿಷಿಗೆ ಈ ನಾಲ್ಕಕ್ಕೂ ‘ಪ್ಲೇ’ ಒಂದೇ ಸಾಕು. ಈಜಿಗೆ ಮಾತ್ರ ‘ಗೋ ಸ್ವಿಮಿಂಗ್’, ಯೋಗಕ್ಕೆ ‘ಡು’. ‘ಲೈಕ್’ ಆದಮೇಲೆ ‘ಸಿಂಗಿಂಗ್’ ಎಂದರೂ ಸರಿ, ‘ಟು ಸಿಂಗ್’ ಎಂದರೂ ಸರಿ. ‘ಐ ಲೈಕ್ ಸಿಂಗ್’ ಎಂದರೆ ತಪ್ಪು.

ಇಷ್ಟು ತಿಳಿದರೆ ‘ಐ ಲೈಕ್ ಸಿಂಗಿಂಗ್ ಭಜನ್ಸ್’, ‘ಐ ಪ್ಲೇ ದಿ ಹಲಗಿ’ ಎನ್ನಲು ಅಡ್ಡಿಯಿಲ್ಲ. ಅಚ್ಚ ಇಂಗ್ಲಿಷೇ ಅದು. ಮುಂದಿನ ಪ್ರಶ್ನೆಗೂ ಉತ್ತರವಿರುತ್ತದೆ. ತೊಡಕಿರುವುದು ಹಂತಿ ಪದದಲ್ಲಿ. ರಾತ್ರಿಯಿಡೀ ಕಣದಲ್ಲಿ ಎತ್ತುಗಳ ಹಿಂದೆ ಸುತ್ತುತ್ತ ಹಾಡುತ್ತಿದ್ದವನು ರಾಶಿಯನ್ನೂ ಮಾಡುತ್ತಿದ್ದ, ಬೇಸರವನ್ನೂ ಕಳೆಯುತ್ತಿದ್ದ. ಅದು ಕೆಲಸವೋ ಬಿಡುವೋ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ರಾಶಿ ಯಂತ್ರ ಬಂದ ಮೇಲೆ ಕಣವೂ ಅಪರೂಪ, ಪದವೂ ಅಪರೂಪ. ಅಜ್ಜನಿಂದ ಅದನ್ನು ಕಲಿತ ಹುಡುಗನಿದ್ದರೆ ಇಂಗ್ಲಿಷಿನ ಒಂದು ಪದ ಸಾಲದು, ನಾಲ್ಕು ವಾಕ್ಯ ಬರೆಯಬೇಕಾದೀತು.