ಸೈನೈಡ್ ನೀರಿನಲ್ಲಿ ಚಿನ್ನ

ಕೆಜಿಎಫ್‌ನ ಸೈನೈಡ್ ದಿಬ್ಬಗಳೆಂದರೆ ಚಿನ್ನ ತೆಗೆದಾದ ಮೇಲೆ ಉಳಿದ ಕಲ್ಲಿನ ಪುಡಿ. ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಗಣಿಗಳಿಂದ ಮೇಲೆ ಬಂದ ಬೆಣಚುಕಲ್ಲನ್ನು ನುಣ್ಣಗೆ ಪುಡಿಮಾಡಿ, ಅದರಲ್ಲಿದ್ದ ಸಣ್ಣ ಚಿನ್ನದ ಕಣಗಳನ್ನು ಸೈನೈಡ್ ನೀರಿನಲ್ಲಿ ಕರಗಿಸುತ್ತಿದ್ದರು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಉಳಿದವು. ಪ್ರಥಮ ಪಿಯುಸಿ ಮಕ್ಕಳನ್ನು ಕಾಡುವ ಬಂಧದ ಧ್ರುವೀಯತೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲಿನವರಿಗೆ ಸಿಗದು.

ಎರಡು ಪರಮಾಣುಗಳು ಹಂಚಿಕೊಂಡ ಇಲೆಕ್ಟ್ರಾನ್ ಜೋಡಿಯನ್ನು ಯಾವುದು ಎಷ್ಟು ತನ್ನತ್ತ ಸೆಳೆಯುತ್ತದೆ ಎಂಬುದೇ ವಿದ್ಯುದೃಣತೆ. 1932ರಲ್ಲಿ ಲೈನಸ್ ಪೌಲಿಂಗ್ ಇದಕ್ಕೆ ಅಂಕಿ ಕೊಟ್ಟರು. ಆ ಅಂಕಿಗಳು ಬಂದ ದಾರಿ ತಿಳಿದರೆ ಕಂಠಪಾಠದ ಗೋಳು ಅರ್ಧ ಕಡಿಮೆ. ಒಂದು ಮೋಲ್ ಹೈಡ್ರೋಜನ್-ಹೈಡ್ರೋಜನ್ ಬಂಧ ಮುರಿಯಲು 436 ಕಿಲೋಜೂಲ್ ಬೇಕು, ಕ್ಲೋರಿನ್-ಕ್ಲೋರಿನ್‌ಗೆ 242. ಸರಾಸರಿ 339. ಆದರೆ ಹೈಡ್ರೋಜನ್-ಕ್ಲೋರಿನ್ ಬಂಧಕ್ಕೆ 431 ಬೇಕು! ಈ ಹೆಚ್ಚುವರಿ 92 ಎಲ್ಲಿಂದ ಬಂತು? ಕ್ಲೋರಿನ್ ಇಲೆಕ್ಟ್ರಾನ್‌ಗಳನ್ನು ಹೆಚ್ಚು ಸೆಳೆದು ತುಸು ಋಣವಾಗುತ್ತದೆ, ಹೈಡ್ರೋಜನ್ ತುಸು ಧನವಾಗುತ್ತದೆ; ಇದೇ ಬಂಧದ ಧ್ರುವೀಯತೆ. ಈ ಧನ-ಋಣಗಳ ಆಕರ್ಷಣೆಯೇ ಬಂಧವನ್ನು ಗಟ್ಟಿ ಮಾಡುತ್ತದೆ. 92ನ್ನು 96.5ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ: ಸುಮಾರು 0.98. ಪಟ್ಟಿಯಲ್ಲಿ ಕ್ಲೋರಿನ್ 3.16, ಹೈಡ್ರೋಜನ್ 2.20, ವ್ಯತ್ಯಾಸ 0.96.

ವ್ಯತ್ಯಾಸ 1.7 ದಾಟಿದರೆ ಅಯಾನಿಕ ಬಂಧ ಎನ್ನುವುದು ಪರೀಕ್ಷೆಗೆ ಅನುಕೂಲವಾದ ಗೆರೆ, ಅಷ್ಟೇ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ಅದು 1.78, ಆದರೂ ಅದು ಸಹವೇಲೆನ್ಸೀಯ ಅಣು.

ಈಗ ಚಿನ್ನ. ಅದರ ಅಂಕಿ 2.54, ಲೋಹಗಳಲ್ಲೇ ಅತಿ ಹೆಚ್ಚು (ಕಬ್ಬಿಣದ್ದು 1.83, ಸೋಡಿಯಂನದು ಬರೀ 0.93). ಇಲೆಕ್ಟ್ರಾನ್ ಬಿಟ್ಟುಕೊಡಲು ಅದು ಸುಲಭಕ್ಕೆ ಒಪ್ಪುವುದಿಲ್ಲ. ಗಾಳಿಯ ಆಮ್ಲಜನಕ ಒಂದು ಇಲೆಕ್ಟ್ರಾನ್ ಕಿತ್ತುಕೊಂಡರೂ, ಹುಟ್ಟಿದ ಚಿನ್ನದ ಅಯಾನನ್ನು ಕೂಡಲೇ ಹಿಡಿದಿಡಲು ಯಾರಾದರೂ ಬೇಕು. ಎರಡು ಸೈನೈಡ್‌ಗಳು ತಮ್ಮ ಇಂಗಾಲದ ತುದಿಯಿಂದ ಆ ಕೆಲಸ ಮಾಡುತ್ತವೆ. ಇಂಗಾಲದ ಅಂಕಿ 2.55! ಚಿನ್ನಕ್ಕೂ ಅದಕ್ಕೂ ವ್ಯತ್ಯಾಸ 0.01, ಅಂದರೆ ಲೆಕ್ಕದ ಪ್ರಕಾರ ಆ ಬಂಧಕ್ಕೆ ಧ್ರುವೀಯತೆಯೇ ಇಲ್ಲವೆನ್ನಬೇಕು. ಪಕ್ಕದ ಇಂಗಾಲ-ಸಾರಜನಕ ಬಂಧದಲ್ಲಿ 0.49 ಇದೆ, ಆದರೆ ಚಿನ್ನ ಮತ್ತು ಎರಡು ಸೈನೈಡ್‌ಗಳು ಸೇರಿ ಆದ ಈ ಅಯಾನು ನೇರ ರೇಖೆಯಂತಿರುವುದರಿಂದ ಎರಡು ತುದಿಗಳ ಸೆಳೆತ ಪರಸ್ಪರ ರದ್ದಾಗುತ್ತದೆ. ಇಂಗಾಲದ ಡೈಆಕ್ಸೈಡ್‌ನಲ್ಲಿ ಆಗುವುದೂ ಇದೇ.

ಹಾಗಾದರೆ ಈ ಚಿನ್ನ-ಸೈನೈಡ್ ಅಯಾನು ನೀರಿನಲ್ಲಿ ಕರಗುವುದು ಹೇಗೆ? ಇಲ್ಲೇ ಬಹಳ ಮಂದಿ ಎಡವುತ್ತಾರೆ. ಬಂಧದ ಧ್ರುವೀಯತೆ ಬೇರೆ, ಇಡೀ ಕಣದ ಮೇಲಿರುವ ವಿದ್ಯುದಾವೇಶ ಬೇರೆ. ಈ ಅಯಾನಿನ ಮೇಲೆ ಒಂದು ಪೂರ್ಣ ಋಣಾವೇಶವಿದೆ. ಬಾಗಿದ ಆಕಾರದ ನೀರಿನ ಅಣುಗಳು ತಮ್ಮ ಹೈಡ್ರೋಜನ್ ತುದಿಗಳನ್ನು ಅದರತ್ತ ತಿರುಗಿಸಿ ಸುತ್ತುವರಿಯುತ್ತವೆ.

ಆಮೇಲೆ ಈ ದ್ರಾವಣಕ್ಕೆ ಸತು ಹಾಕಿದಾಗ ಚಿನ್ನ ಮತ್ತೆ ಹೊರಬೀಳುವುದನ್ನು ಮಾತ್ರ ಈ ಅಂಕಿಗಳಿಂದ ವಿವರಿಸಲು ಹೋಗಬೇಡಿ. ಅದಕ್ಕೆ ಅಪಕರ್ಷಣ ವಿಭವದ ಪಟ್ಟಿ ಬೇಕು, ಅದು ದ್ವಿತೀಯ ಪಿಯುಸಿಯ ಪಾಠ.