ನಮ್ಮ ಹುಡುಗಿ ಬಿಯರ್ ಮಾಡ್ತಾಳೆ!

"ನಿಮ್ಮ ಮಗಳಿಗೆ ಏನು ಕೆಲಸ?" ಅಂತ ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ನೀವು ಹೆಮ್ಮೆಯಿಂದ ಹೇಳುತ್ತೀರಿ, ಅಲ್ಲವೇ? ನನ್ನ ಅಕ್ಕ ಮಾತ್ರ "ಅದೇ, ಯಾವುದೋ ಆಹಾರದ ಕಂಪೆನಿ" ಅಂದು ಮಾತು ತೇಲಿಸಿಬಿಡುತ್ತಾಳೆ. ವಿಷಯ ಇಷ್ಟೆ. ಜೀವರಸಾಯನಶಾಸ್ತ್ರ ಓದಿದ ಅವಳ ಮಗಳು ಬೆಂಗಳೂರಿನ ಒಂದು ಪುಟ್ಟ ಬ್ರೂವರಿಯಲ್ಲಿ ಬಿಯರ್ ತಯಾರಿಸುತ್ತಾಳೆ!

"ನೀನೇ ಒಂದ್ಸಲ ಹೋಗಿ ನೋಡ್ಕೊಂಡು ಬಾ. ಹೆಣ್ಣುಮಕ್ಕಳು ಕೆಲಸ ಮಾಡೋ ಜಾಗವಾ ಅದು?" ಅಂದಳು ಅಕ್ಕ. ನನಗೂ ಅಳುಕು. ಕುಡಿತದಿಂದ ಹಾಳಾದ ಒಂದು ಮನೆಯನ್ನಾದರೂ ಕಾಣದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ ಹೇಳಿ? 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಸಮಾಧಾನದ ಉಸಿರು ಬಿಟ್ಟವರಲ್ಲಿ ನಾನೂ ಒಬ್ಬಳು. ಆದರೂ ಹೊರಟೆ.

ಇಂದಿರಾನಗರದಲ್ಲಿ 'ಟಾಯ್ಟ್' 2010ರಲ್ಲಿ ಬಾಗಿಲು ತೆರೆದ ಮೇಲೆ ಬೆಂಗಳೂರಿನಲ್ಲಿ ಇಂಥ ಹತ್ತಾರು ಪುಟ್ಟ ಬ್ರೂವರಿಗಳು ಹುಟ್ಟಿಕೊಂಡಿವೆ. ದೊಡ್ಡ ಕಾರ್ಖಾನೆಯ ಹಾಗೆ ಬಾಟಲಿ ತುಂಬಿ ಊರೂರಿಗೆ ಕಳಿಸುವುದಲ್ಲ. ಅಲ್ಲೇ ತಯಾರಿಸಿ, ಅಲ್ಲೇ ನಲ್ಲಿಯಿಂದ ಗ್ಲಾಸಿಗೆ ಬಗ್ಗಿಸಿ ಕೊಡುವುದು.

ಬೆಳಿಗ್ಗೆ ನಾನು ಹೋದಾಗ ಗಿರಾಕಿಗಳಿನ್ನೂ ಬಂದಿರಲಿಲ್ಲ. ರಬ್ಬರ್ ಬೂಟು ಹಾಕಿ, ಕೂದಲು ಎತ್ತಿ ಕಟ್ಟಿ, ನನ್ನ ಹುಡುಗಿ ದೊಡ್ಡ ಉಕ್ಕಿನ ಹಂಡೆಯ ಮುಂದೆ ನಿಂತಿದ್ದಳು. ಹೆಂಡದ ವಾಸನೆ ಇರಬಹುದೆಂದು ಸೆರಗು ಮೂಗಿಗೆ ಹಿಡಿದೇ ಒಳಗೆ ಹೋದೆ. ಬಂದದ್ದು ಏನು ಗೊತ್ತೇ? ಬಿಸಿ ಗಂಜಿಯ ಘಮ!

ರಾಗಿ ಮಾಲ್ಟ್ ಗೊತ್ತಿದ್ದರೆ ಇದೂ ಗೊತ್ತು

ಮಗುವಿಗೆ ರಾಗಿ ಮಾಲ್ಟ್ ಮಾಡುವಾಗ ನೀವು ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಹುರಿಯುತ್ತೀರಿ. ಬಾರ್ಲಿಗೂ ಅದೇ ಸಂಸ್ಕಾರ. ಮೊಳಕೆ ಬಂದಾಗ ಕಾಳಿನಲ್ಲಿ ಕಿಣ್ವಗಳು ಎಚ್ಚರವಾಗುತ್ತವೆ. ಹೀಗೆ ಸಿದ್ಧವಾದ ಬಾರ್ಲಿಯನ್ನು ತರಿತರಿಯಾಗಿ ಒಡೆದು, ಸುಮಾರು 65 ಡಿಗ್ರಿ ಬಿಸಿಯ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟವೆಲ್ಲ ಸಕ್ಕರೆಯಾಗುತ್ತದೆ. ಒಂದು ಚಮಚ ನೆಕ್ಕಿ ನೋಡಿದೆ; ಪಾಯಸದಷ್ಟು ಸಿಹಿ.

ಆಮೇಲೆ ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂ ಹಾಕಿ ಒಂದು ಗಂಟೆಯಷ್ಟು ಕುದಿಸುತ್ತಾರೆ. ಕಹಿ ಬರುವುದು ಅದರಿಂದಲೇ. ಕೆಡದಂತೆ ಕಾಯುವುದೂ ಅದೇ. ತಣಿಸಿ, ಯೀಸ್ಟ್ ಬೆರೆಸಿದರೆ ಸಕ್ಕರೆ ಮದ್ಯವಾಗಿ ಹುಳಿಯೇಳುತ್ತದೆ. ಮೂಲೆಯ ಟ್ಯಾಂಕಿನಿಂದ ಗೋಧಿ ಬಿಯರ್ ಒಂದಿಷ್ಟು ಬಗ್ಗಿಸಿ ಮೂಸಲು ಕೊಟ್ಟಳು. ಬಾಳೆಹಣ್ಣು, ಲವಂಗದ ವಾಸನೆ! "ಎರಡನ್ನೂ ಹಾಕಿಲ್ಲ ಚಿಕ್ಕಮ್ಮ, ಅದು ಯೀಸ್ಟಿನದೇ ಕೈಚಳಕ" ಅಂತ ನಕ್ಕಳು. ಒಂದು ಗುಟುಕು ಬಾಯಿಗೂ ಹಾಕಿದೆ. ಸುಳ್ಳು ಯಾಕೆ, ನನಗೆ ನೆನಪಾದದ್ದು ಅಜ್ಜಿಯ ಕಷಾಯ.

"ಕೆಲಸ ಕಷ್ಟವೇನೇ?" ಅಂದೆ. "ಮುಕ್ಕಾಲು ಪಾಲು ತೊಳೆಯೋದೇ" ಅಂದಳು. ಉಪ್ಪಿನಕಾಯಿ ಜಾಡಿಯಲ್ಲಿ ಒಂದು ಹನಿ ನೀರಿದ್ದರೆ ಬೂಷ್ಟು ಬರುತ್ತದಲ್ಲ, ಹಾಗೆಯೇ ಟ್ಯಾಂಕಿನಲ್ಲಿ ಕೊಳೆ ಉಳಿದರೆ ಇಡೀ ಬಿಯರ್ ಚರಂಡಿಗೆ. ಸೋಸಿ ಉಳಿದ ಚರಟ ಮಾತ್ರ ವ್ಯರ್ಥವಲ್ಲ, ಅದು ದನಗಳಿಗೆ ಒಳ್ಳೆಯ ಮೇವು.

ಇದು ಗಂಡಸರ ಕೆಲಸವೇ?

ನಮ್ಮ ಬೆಂಗಳೂರಿನವರೇ ಆದ ಕಿರಣ್ ಮಜುಂದಾರ್ ಷಾ ಅವರ ಕಥೆ ನಿಮಗೆ ಗೊತ್ತಿರಬಹುದು. ಅವರ ತಂದೆ ಬ್ರೂವರಿಯಲ್ಲಿ ಮುಖ್ಯ ಬ್ರೂಮಾಸ್ಟರ್. ಮಗಳೂ ಆಸ್ಟ್ರೇಲಿಯಾದ ಬಲ್ಲಾರಟ್‌ಗೆ ಹೋಗಿ, ತರಗತಿಯಲ್ಲಿ ಏಕೈಕ ಹೆಣ್ಣಾಗಿ ಕಲಿತು, 1975ರಲ್ಲಿ ಬ್ರೂಮಾಸ್ಟರ್ ಆಗಿ ಹಿಂತಿರುಗಿದರು. ಆದರೆ ಹೆಂಗಸಿಗೆ ಆ ಹುದ್ದೆ ಕೊಡಲು ಇಲ್ಲಿ ಯಾರೂ ತಯಾರಿರಲಿಲ್ಲ. ಅವರು 1978ರಲ್ಲಿ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಶುರುಮಾಡಿದರು. ಮೊದಲು ತಯಾರಿಸಿದ ವಸ್ತುಗಳಲ್ಲಿ ಒಂದು, ಪಪ್ಪಾಯಿಯಿಂದ ತೆಗೆದ ಪಪೈನ್. ಅದು ಬಿಯರನ್ನು ತಿಳಿಯಾಗಿಸಲೂ ಬಳಕೆಯಾಗುವ ಕಿಣ್ವ!

ತಮಾಷೆ ನೋಡಿ, ಈ ವಿದ್ಯೆ ಹಿಂದೆ ಹೆಂಗಸರದೇ. ಪ್ರಾಚೀನ ಸುಮೇರಿಯಾದವರು ಪೂಜಿಸುತ್ತಿದ್ದ ಬಿಯರಿನ ದೇವತೆ ನಿಂಕಾಸಿ ಹೆಣ್ಣು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಯ ಏಲ್ ಕಾಯಿಸಿ ಮಾರುತ್ತಿದ್ದವರಲ್ಲಿ ಗೃಹಿಣಿಯರೇ ಹೆಚ್ಚು. ಇವತ್ತಿಗೂ ಜಾರ್ಖಂಡಿನ ಹಳ್ಳಿಗಳಲ್ಲಿ ಅಕ್ಕಿಯ ಹಂಡಿಯಾ, ಅರುಣಾಚಲದಲ್ಲಿ ಅಪೊಂಗ್ ಮಾಡುವವರು ಹೆಂಗಸರು. ಅಡುಗೆಮನೆಯಲ್ಲಿ ಇದ್ದಷ್ಟು ದಿನ ಅದು ನಮ್ಮ ಕೆಲಸ. ಸಂಬಳ, ಹುದ್ದೆ ಬಂದ ಮೇಲೆ ಗಂಡಸರ ಕೆಲಸ!

ಹಾಗಂತ ಕುಡಿಯಿರಿ ಅಂತ ನಾನು ಹೇಳುತ್ತಿಲ್ಲ. ಸಣ್ಣ ಬ್ರೂವರಿಯದಾದರೂ ಮದ್ಯ ಮದ್ಯವೇ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿದೆ. ಗರ್ಭಿಣಿಯರು, ಮಾತ್ರೆ ತೆಗೆದುಕೊಳ್ಳುವವರು ಹತ್ತಿರವೂ ಸುಳಿಯಬೇಡಿ. ಕುಡಿದವರು ಗಾಡಿ ಹತ್ತಲೇಬಾರದು. ಈ ಮಾತನ್ನು ನನಗಿಂತ ಗಟ್ಟಿಯಾಗಿ ಹೇಳುವವಳು ನಮ್ಮ ಹುಡುಗಿಯೇ. ಹಂಡೆ ಕಾಯಿಸುವವಳಿಗೆ ಅದರ ಬಿಸಿ ಗೊತ್ತಿರುತ್ತದಲ್ಲ!

ಸಂಜೆ ಮೇಜುಗಳೆಲ್ಲ ತುಂಬಿದವು. ಗಾಜಿನ ಗೋಡೆಯ ಆಚೆ ಟ್ಯಾಂಕುಗಳ ಮಧ್ಯೆ ಉಷ್ಣಾಂಶ ಬರೆದುಕೊಳ್ಳುತ್ತಿದ್ದ ಹುಡುಗಿಯನ್ನು ಜನ ತೋರಿಸಿ ಮಾತಾಡುತ್ತಿದ್ದರು. "ನನ್ನ ಅಕ್ಕನ ಮಗಳು" ಅಂದೆ, ಪಕ್ಕದ ಮೇಜಿನವರಿಗೆ. ನನ್ನ ದನಿಯಲ್ಲಿದ್ದ ಹೆಮ್ಮೆ ನನಗೇ ಕೇಳಿಸಿತು.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಪಾತ್ರೆ ಅಷ್ಟು ಚೆನ್ನಾಗಿ ತೊಳೀತಾಳಾ? ಮನೆಯಲ್ಲಿ ಒಂದು ಲೋಟ ಎತ್ತಿಡ್ತಿರಲಿಲ್ಲ!" ಅಂದಳು. ಮುಂದಿನ ತಿಂಗಳು ನಾವಿಬ್ಬರೂ ಹೋಗುವುದೆಂದು ತೀರ್ಮಾನವಾಗಿದೆ. ಅಕ್ಕ ನಿಂಬೆ ಷರಬತ್ತು ಕುಡಿಯುತ್ತಾಳಂತೆ.