ತಾತನ ವಾಚಿಗೆ ಕೀ

ಹಾಸ್ಟೆಲ್‌ನಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಗೆಳೆಯರೆಲ್ಲ ಮೊಬೈಲ್ ಹುಡುಕುತ್ತಾರೆ. ನಾನು ಮೊದಲು ಹುಡುಕುವುದು ತಾತನ ಎಚ್‌ಎಂಟಿ ಜನತಾ ವಾಚನ್ನು. ದಿನಕ್ಕೊಮ್ಮೆ ಕೀ ಕೊಡದಿದ್ದರೆ ಅದು ನಿಂತುಬಿಡುತ್ತದೆ. ಕೊಟ್ಟರೂ ನಾಲ್ಕೈದು ನಿಮಿಷ ಹಿಂದೆ ಬೀಳುತ್ತದೆ. ‘ಇದನ್ನ ನಂಬ್ಕೊಂಡು ಇಂಟರ್ನಲ್ಸ್ ಬರೆದ್ರೆ ಕೊನೇ ಪ್ರಶ್ನೆ ಬಿಟ್ಟುಹೋಗುತ್ತೆ ಕಣೋ’ ಎಂದು ರೂಮ್‌ಮೇಟ್ ರೇಗಿಸುತ್ತಾನೆ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಮುಂದೆ ನಮ್ಮ ತುಮಕೂರಿಗೂ ಬಂತು. ಮದುವೆಗೆ, ನಿವೃತ್ತಿಗೆ ಅದೇ ಉಡುಗೊರೆ. ತಾತನಿಗೂ ಮದುವೆಯಲ್ಲಿ ಸಿಕ್ಕಿದ್ದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಕಳೆದ ಸೆಮಿಸ್ಟರ್‌ನಲ್ಲಿ ಸ್ಪ್ರಿಂಗ್ ತುಂಡಾದಾಗ ರಿಪೇರಿಯವರು, ‘ಎಂಟುನೂರು ಆಗುತ್ತೆ. ಬೇಡ ಅಂದ್ರೆ ನನಗೇ ಕೊಟ್ಬಿಡಿ, ಸಾವಿರ ಕೊಡ್ತೀನಿ’ ಎಂದರು. ಜೇಬಿನಲ್ಲಿದ್ದದ್ದು ಮೆಸ್ ಬಿಲ್ಲಿನ ದುಡ್ಡು. ಆದರೂ ರಿಪೇರಿಗೇ ಕೊಟ್ಟೆ.

ನಮ್ಮದಾದ ವಸ್ತುವಿಗೆ ನಾವು ಹೆಚ್ಚು ಬೆಲೆ ಕಟ್ಟುತ್ತೇವಂತೆ. ಅರ್ಥಶಾಸ್ತ್ರಜ್ಞರು ಇದನ್ನು ‘ಎಂಡೋಮೆಂಟ್ ಎಫೆಕ್ಟ್’ ಎನ್ನುತ್ತಾರೆ. ರಿಚರ್ಡ್ ಥೇಲರ್ ಮತ್ತು ಸಂಗಡಿಗರ, 1990ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಮಗ್ ಕೊಟ್ಟಿದ್ದರು. ಅದನ್ನು ಮಾರಲು ಅವರು ಕೇಳಿದ ಬೆಲೆ, ಉಳಿದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟು! ಹಾಗಾದರೆ ನಾನು ಇದುವರೆಗೆ ಮೂರು ಮೊಬೈಲ್ ಬದಲಿಸಿದಾಗ ಒಮ್ಮೆಯೂ ಬೇಜಾರಾಗಲಿಲ್ಲವಲ್ಲ, ಯಾಕೆ?

ನಿಜ ಹೇಳಬೇಕೆಂದರೆ, ಈ ವಾಚಿನ ಮೇಲೆ ನನಗಿರುವುದು ಬರೀ ಪ್ರೀತಿಯಲ್ಲ. ಕೊನೆಗಾಲದಲ್ಲಿ ತಾತನ ಬೆರಳು ನಡುಗುತ್ತಿದ್ದವು. ‘ಒಂಚೂರು ಕೀ ಕೊಡು ಮಗ’ ಎಂದು ಜಗುಲಿಯಿಂದ ಕರೆಯುತ್ತಿದ್ದರು. ಪಿಯುಸಿಯಲ್ಲಿದ್ದ ನಾನು ಮೊಬೈಲ್ ಗೇಮ್‌ನಿಂದ ತಲೆ ಎತ್ತದೆ, ‘ಆಮೇಲೆ ತಾತ’ ಎನ್ನುತ್ತಿದ್ದೆ. ತಾತ ತೀರಿಕೊಂಡ ದಿನ ವಾಚು ನಿಂತಿತ್ತು. ಎಷ್ಟು ದಿನದಿಂದ ನಿಂತಿತ್ತೋ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಒಂದು ದಿನವೂ ತಪ್ಪಿಸುವುದಿಲ್ಲ. ಆದರೆ ಅದರಿಂದ ತಾತನಿಗೆ ಏನು ಬಂತು? ವಸ್ತುವನ್ನು ಜೋಪಾನ ಮಾಡುವುದು ಸುಲಭ. ಅದು ಹೇಳಿದ್ದನ್ನೇ ಹೇಳುವುದಿಲ್ಲ, ನಾವು ಓದುವಾಗ ಕರೆಯುವುದಿಲ್ಲ. ಮನುಷ್ಯರನ್ನು ಜೋಪಾನ ಮಾಡಲು ತಾಳ್ಮೆ ಬೇಕು. ಅವರು ಹೋದ ಮೇಲೆ ಅವರ ವಸ್ತುವನ್ನು ಎದೆಗೊತ್ತಿಕೊಳ್ಳುವ ನಾವು, ಇದ್ದಾಗ ಎರಡು ನಿಮಿಷ ಕೊಡುವುದಿಲ್ಲ.

ಊರಲ್ಲಿ ಅಜ್ಜಿ ಇದ್ದಾರೆ. ವಾಚಿಗೆ ಕೀ ಕೊಟ್ಟ ಕೂಡಲೇ ಅವರಿಗೆ ಫೋನ್ ಮಾಡುತ್ತೇನೆ. ‘ತಿಂಡಿ ಆಯ್ತಾ? ಅಲ್ಲಿ ಮಳೆ ಬಂತಾ? ಯಾವಾಗ ಬರ್ತೀಯ?’ ದಿನವೂ ಇವೇ ಮೂರು ಪ್ರಶ್ನೆ. ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಮೊದಲ ಕ್ಲಾಸಿಗೆ ಐದು ನಿಮಿಷ ತಡವಾಗಿರುತ್ತದೆ. ಮೇಡಂ ಕೇಳಿದರೆ ತೋರಿಸಲು ವಾಚಂತೂ ಇದ್ದೇ ಇದೆ!